ಕಾವಲಿ ಮುಂದೆ ನಿಂತವರಿಗೆ ಒಂದು ಬಿಸಿ ದೋಸೆ

ಮೈಸೂರಿನ ಕುವೆಂಪುನಗರದ ನಮ್ಮ ಬಡಾವಣೆಯಲ್ಲಿ ತಿಂಗಳಿಗೊಮ್ಮೆ ಅಕ್ಕಪಕ್ಕದವರೆಲ್ಲ ಸೇರಿ ಯಾರಾದರೂ ಒಬ್ಬರ ಮಾತು ಕೇಳುತ್ತೇವೆ. ಈ ಸಲ ನನ್ನ ಸರದಿ. ‘ನಮ್ಮೂರಿನ ಹೋಟೆಲ್ ತಿಂಡಿ, ಸಂಜೆ ತಿರುಗಾಟ’ ಅಂತ ವಿಷಯ ಕೊಟ್ಟಿದ್ದರು. ಅಲ್ಲಿ ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ, ಆವತ್ತು ಬಿಟ್ಟುಹೋದ ಒಂದೆರಡು ಮಾತು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ದೋಸೆ ಮಾಡಿದ ದಿನ ಕೊನೆಗೆ ತಿನ್ನುವವರು ಯಾರು? ಕೈ ಎತ್ತೋದು ಬೇಡ, ಮನಸ್ಸಿನಲ್ಲೇ ಹೇಳಿಕೊಳ್ಳಿ. ನನಗೆ ಗೊತ್ತಿರುವ ಎಲ್ಲ ಮನೆಯಲ್ಲೂ ಉತ್ತರ ಒಂದೇ. ಯಾರು ಹುಯ್ಯುತ್ತಾರೋ ಅವರೇ ಕೊನೆ.

ಇದು ಯಾರೋ ಬೇಕಂತ ಮಾಡಿದ ಏರ್ಪಾಡಲ್ಲ, ಕಾವಲಿಯ ಲೆಕ್ಕವೇ ಹಾಗಿದೆ. ಮನೆಯ ಕಾವಲಿ ತೆಳ್ಳಗಿರುತ್ತದೆ. ಹಿಟ್ಟು ಬಿದ್ದ ತಕ್ಷಣ ಕಾವು ಇಳಿಯುತ್ತದೆ, ಮತ್ತೆ ಏರುವ ತನಕ ನಿಂತಿರಬೇಕು. ಒಂದು ಸಲಕ್ಕೆ ಒಂದೇ ದೋಸೆ. ಐದು ಜನರ ಮನೆ, ತಲೆಗೆ ಮೂರು ಅಂದರೆ 15 ದೋಸೆ, ಒಂದಕ್ಕೆ ಮೂರು ನಿಮಿಷ ಅಂತ ಇಟ್ಟುಕೊಂಡರೂ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ಒಬ್ಬರು ಒಲೆ ಮುಂದೆ ನಿಂತಿರುತ್ತಾರೆ, ಮಿಕ್ಕವರು ‘ಇನ್ನೊಂದು’ ಅನ್ನುತ್ತಿರುತ್ತಾರೆ. ಅವರ ಸರದಿ ಬರುವ ಹೊತ್ತಿಗೆ ಚಟ್ನಿ ತಳ ಕಂಡಿರುತ್ತದೆ, ಹಸಿವೂ ಸತ್ತಿರುತ್ತದೆ, ಮೊದಲು ಹುಯ್ದ ಒಂದು ದೋಸೆ ತಟ್ಟೆಯಲ್ಲಿ ಬೆವೆತು ಮೆತ್ತಗಾಗಿರುತ್ತದಲ್ಲ, ಅದನ್ನೇ ನಿಂತುಕೊಂಡು ತಿಂದು ಮುಗಿಸುತ್ತಾರೆ.

ಹೋಟೆಲಿನ ಕಾವಲಿ ಬೇರೆ. ಅದು ದಪ್ಪ ಕಬ್ಬಿಣದ ಹಾಸು. ಒಮ್ಮೆ ಕಾದರೆ ಕಾವು ಬಿಡುವುದಿಲ್ಲ. ಭಟ್ಟರು ನೀರು ಚಿಮುಕಿಸಿ, ಚುಂಯ್ ಅಂದ ಮೇಲೆ ಕಡ್ಡಿಪೊರಕೆಯಲ್ಲಿ ಒಂದು ಸಲ ಗುಡಿಸಿ, ಹತ್ತು ಹನ್ನೆರಡು ದೋಸೆ ಸಾಲಾಗಿ ಹುಯ್ಯುತ್ತಾರೆ. ಮೇಜಿನಲ್ಲಿ ಕೂತ ಐದೂ ಜನಕ್ಕೆ ಒಟ್ಟಿಗೆ ಬರುತ್ತದೆ. ಐದೂ ಬಿಸಿ. ನನಗೆ ಹೋಟೆಲ್ ಯಾಕೆ ಇಷ್ಟ ಅಂದರೆ ಇದೇ ಕಾರಣ, ಇವತ್ತು ಹೇಳಬೇಕು ಅಂತ ಬಂದಿರುವುದೂ ಇದನ್ನೇ. ಹೊರಗೆ ತಿನ್ನುವ ಸುಖದ ಮೊದಲ ಹಕ್ಕುದಾರರು ದಿನಾ ಮನೆಯಲ್ಲಿ ಅಡುಗೆ ಮಾಡುವವರು. ಬೇರೆಯವರಿಗೆ ಅದು ರುಚಿ. ಅವರಿಗೆ ಅದು ಬಿಡುವು.

ನಮ್ಮವ್ವ ಮದ್ದೂರಿನ ಹತ್ತಿರದ ಹಳ್ಳಿಯವಳು. ಅವಳು ಮನೆಯಿಂದಾಚೆ ತಿಂದ ಮೊದಲ ತಿಂಡಿ ಮದ್ದೂರು ವಡೆ. ಮದುವೆಯಾಗಿ ಮೈಸೂರಿಗೆ ಬರುವಾಗ ರೈಲಿನ ಕಿಟಕಿಯಲ್ಲಿ ಅಪ್ಪ ಕೊಡಿಸಿದ್ದರಂತೆ. ಅಪ್ಪನಿಗೆ ಇಲ್ಲಿ ಅಶೋಕಪುರಂ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ. ಮದ್ದೂರು ವಡೆ ಹುಟ್ಟಿದ್ದೂ ರೈಲಿನಿಂದಲೇ. 1917ರಲ್ಲಿ ಮದ್ದೂರು ನಿಲ್ದಾಣದಲ್ಲಿ ರಾಮಚಂದ್ರ ಬುದ್ಯ ಅನ್ನುವವರು ತಿಂಡಿ ಮಾರುತ್ತಿದ್ದರು, ಒಂದು ದಿನ ಪಕೋಡ ಕರಿಯುವ ಮೊದಲೇ ರೈಲು ಬಂದುಬಿಟ್ಟಿತು, ಪುರಸೊತ್ತಿಲ್ಲದೆ ಹಿಟ್ಟನ್ನು ತೆಳ್ಳಗೆ ತಟ್ಟಿ ಎಣ್ಣೆಗೆ ಬಿಟ್ಟರು, ಅದೇ ವಡೆಯಾಯಿತು ಅಂತ ಹೇಳುತ್ತಾರೆ. ಚಿರೋಟಿ ರವೆ, ಮೈದಾ, ಅಕ್ಕಿಹಿಟ್ಟು, ತುಂಬಾ ಈರುಳ್ಳಿ, ಕರಿಬೇವು. ಅಂಚು ಗರಿ, ನಡುವೆ ಸ್ವಲ್ಪ ಮೆತ್ತಗೆ. ‘ಸೀರೆ ತುಂಬಾ ಪುಡಿ ಉದುರಿಸ್ಕೊಂಡೆ, ನಿಮ್ಮಪ್ಪ ಏನಂತಾರೋ ಅಂತ ಹೆದರಿಕೆ’ ಅಂತ ಅವ್ವ ಈಗಲೂ ಹೇಳುತ್ತಾಳೆ. ಅಪ್ಪ ಏನೂ ಅನ್ನಲಿಲ್ಲವಂತೆ, ಎರಡನೆಯದನ್ನೂ ಕೊಡಿಸಿದರಂತೆ.

ಅದಾದ ಮೇಲೆ ಅವ್ವ ಹೊರಗೆ ಏನಾದರೂ ತಿಂದದ್ದು ಎಷ್ಟೋ ವರ್ಷ ಬಿಟ್ಟು. ನಾನು ಆಗ ಏಳನೇ ಕ್ಲಾಸು. ದಸರಾ ರಜೆಯಲ್ಲಿ ಅಪ್ಪ ನಮ್ಮನ್ನೆಲ್ಲ ಒಂದು ಹೋಟೆಲಿಗೆ ಕರೆದುಕೊಂಡು ಹೋದರು, ಯಾವುದು ಅನ್ನೋದು ಬೇಡ. ಹೆಂಗಸರು ಇದ್ದಾರೆ ಅಂತ ನಮ್ಮನ್ನು ‘ಫ್ಯಾಮಿಲಿ ರೂಮ್’ಗೆ ಕಳಿಸಿದರು. ಪಾತ್ರೆ ತೊಳೆಯುವ ಜಾಗದ ಪಕ್ಕದ ಚಿಕ್ಕ ಕೋಣೆ, ಮರದ ಅಡ್ಡ, ಮಾಸಿದ ಪರದೆ. ಫ್ಯಾನ್ ಇಲ್ಲ. ಮುಂದಿನ ಹಾಲಿನಲ್ಲಿ ಗಂಡಸರು ಪೇಪರ್ ಹರವಿಕೊಂಡು ಜೋರಾಗಿ ಮಾತಾಡುತ್ತಾ ಕಾಫಿ ಕುಡಿಯುತ್ತಿದ್ದರು, ನಾವು ಗೋಡೆ ನೋಡಿಕೊಂಡು ಇಡ್ಲಿ ತಿಂದೆವು. ಮರ್ಯಾದೆ ಅಂತಲೇ ಹಾಗೆ ಕೂರಿಸುತ್ತಿದ್ದರು, ನನಗೆ ಗೊತ್ತು. ಆದರೆ ಹೋಟೆಲಿಗೆ ಹೋಗುವ ಸುಖದಲ್ಲಿ ಅರ್ಧ, ನಾಲ್ಕು ಜನರನ್ನು ನೋಡುತ್ತಾ ಕೂರುವುದು ಅಲ್ವಾ? ಅದನ್ನೇ ಪರದೆ ಹಾಕಿ ತೆಗೆದುಬಿಟ್ಟಿದ್ದರು.

ನನಗೆ ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ಅವ್ವನನ್ನು ನಜರಬಾದಿಗೆ ಕರೆದುಕೊಂಡು ಹೋದೆ. ಮೈಲಾರಿ. 1938ರಿಂದ ನಡೆಯುತ್ತಿರುವ ಅಂಗಡಿ. ಆ ಹೆಸರಿನ ಹೋಟೆಲು ಆ ರಸ್ತೆಯಲ್ಲಿ ಒಂದಕ್ಕಿಂತ ಜಾಸ್ತಿ ಇದೆ, ಯಾವುದು ಅಸಲಿ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ, ನಿಮ್ಮ ನಿಮ್ಮ ಮನೆಯಲ್ಲಿ ಅದು ತೀರ್ಮಾನ ಆಗಿಹೋಗಿರುತ್ತದೆ. ಒಳಗೆ ಜಾಗ ಇಷ್ಟೇ. ಗುರುತು ಪರಿಚಯ ಇಲ್ಲದವರ ಎದುರು ಬೆಂಚಿನಲ್ಲಿ ಮೊಣಕೈ ತಾಗಿಸಿಕೊಂಡು ಕೂರಬೇಕು. ಅವ್ವ ಸೆರಗು ಎಳೆದುಕೊಂಡು ಮುದುರಿ ಕೂತಳು. ತಂದುಕೊಡುವವರು ಬಂದು ನನ್ನನ್ನು ನೋಡಲಿಲ್ಲ. ಅವ್ವನನ್ನು ನೋಡಿ ಕೇಳಿದರು.

‘ಏನ್ ಕೊಡ್ಲಮ್ಮ?’

ಅವ್ವ ನನ್ನ ಮುಖ ನೋಡಿದಳು. ‘ಏನಾದ್ರೂ ಸರಿ’ ಅಂದಳು. ಅವರು ಬಿಡಲಿಲ್ಲ. ‘ಮಸಾಲೆ ಇದೆ, ಖಾಲಿ ಇದೆ, ಇಡ್ಲಿ ಇದೆ. ನಿಮ್ಗೇನ್ ಬೇಕು ಹೇಳಮ್ಮ.’ ಅವ್ವ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಆ ಸ್ವಲ್ಪ ಹೊತ್ತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾಕೆಂದರೆ ನಮ್ಮ ಮನೆಯಲ್ಲಿ ‘ಏನು ಬೇಕು’ ಅಂತ ಕೇಳುತ್ತಿದ್ದವಳು ಅವಳು. ಅವಳನ್ನು ನಾವು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

‘ಮಸಾಲೆ’ ಅಂದಳು.

ಅಲ್ಲಿಯ ದೋಸೆ ನಿಮಗೆಲ್ಲ ಗೊತ್ತು. ಗರಿಗರಿ ಅಲ್ಲ, ಮೆತ್ತಗೆ, ಬೆರಳಲ್ಲಿ ಹಿಡಿದರೆ ಹರಿದುಬರುವಷ್ಟು. ಒಳಗೆ ಆಲೂಗೆಡ್ಡೆ ಪಲ್ಯ ಇರುವುದಿಲ್ಲ, ಈರುಳ್ಳಿ ಹೆಚ್ಚಿಗೆ ಹಾಕಿದ ಸಾಗು ಇರುತ್ತದೆ. ಜೊತೆಗೆ ಕಾಯಿಚಟ್ನಿ. ಮೇಲೆ ಒಂದು ಉಂಡೆ ಬೆಣ್ಣೆ. ತಟ್ಟೆ ಮುಂದೆ ಬಂದಾಗ ಬೆಣ್ಣೆ ಇನ್ನೂ ಉಂಡೆಯಾಗಿಯೇ ಇರುತ್ತದೆ, ನೋಡುತ್ತಿದ್ದ ಹಾಗೆ ಒಂದು ಕಡೆಯಿಂದ ಜಾರಿ, ದೋಸೆಯ ಮಡಿಕೆಯಲ್ಲಿ ಇಳಿದು, ಚಟ್ನಿಯ ಅಂಚು ಮುಟ್ಟುತ್ತದೆ. ಅವ್ವ ತಿನ್ನದೆ ಅದನ್ನೇ ನೋಡುತ್ತಿದ್ದಳು. ‘ತಿನ್ನವ್ವ, ಆರೋಗುತ್ತೆ’ ಅಂದೆ. ಈ ಮಾತನ್ನು ಅವಳು ನನಗೆ ಸಾವಿರ ಸಲ ಹೇಳಿದ್ದಾಳೆ. ನಾನು ಅವಳಿಗೆ ಹೇಳಿದ್ದು ಅದೇ ಮೊದಲು.

ಮೈಸೂರಿನಲ್ಲಿ ಒಳ್ಳೆಯ ದೋಸೆ ಇನ್ನೂ ಎಷ್ಟೋ ಕಡೆ ಇದೆ. ಚಾಮುಂಡಿಪುರಂನ ಗಾಯತ್ರಿ ಟಿಫಿನ್ ರೂಮಿನ ದೋಸೆ ಇದಕ್ಕೆ ಪೂರ್ತಿ ಬೇರೆ ಜಾತಿಯದು, ಅದಕ್ಕೆ ಅದರದೇ ಜನ. ನನ್ನ ಯಜಮಾನರು ಆ ಪಕ್ಷ. ನಾವಿಬ್ಬರೂ ಒಪ್ಪುವುದು ಕಾಫಿಯ ವಿಷಯದಲ್ಲಿ ಮಾತ್ರ. ಬೈಟು ಕಾಫಿ ಅನ್ನುವ ವ್ಯವಸ್ಥೆ ಯಾರ ತಲೆಗೆ ಹೊಳೆಯಿತೋ, ಅವರು ಚೆನ್ನಾಗಿರಲಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಅರ್ಧ ಗಂಟೆ ಮಾತಾಡಬಹುದು. ಕಾಫಿ ಅರ್ಧವಾದರೂ ಮಾತು ಪೂರ್ತಿ.

ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: ‘ಎಲ್ಲ ಸರಿ ಕಣಮ್ಮ. ಹೊರಗಡೆ ತಿಂದ್ರೆ ದುಡ್ಡೂ ದಂಡ, ಹೊಟ್ಟೆಗೂ ಆಗಲ್ಲ, ಅಲ್ವಾ?’

ಒಳ್ಳೆಯ ಪ್ರಶ್ನೆ. ದಿನಾ ತಿಂದರೆ ಎರಡೂ ನಿಜ. ನಾನು ಹೇಳುತ್ತಿರುವುದು ತಿಂಗಳಿಗೆ ಒಂದು ಸಲದ ಮಾತು, ಎರಡು ಸಲ ಆದರೆ ಸಂತೋಷ. ಇನ್ನು ದುಡ್ಡು. ನಾವು ಮೊಬೈಲಿನಲ್ಲಿ ಒತ್ತಿ ಮನೆಗೇ ತರಿಸಿಕೊಳ್ಳುತ್ತೇವಲ್ಲ, ಅದಕ್ಕೆ ಕೊಡುವ ಹಣ ಏನು ಕಡಿಮೆಯೇ? ಅದರಲ್ಲಿ ದೋಸೆ ಡಬ್ಬಿಯೊಳಗೆ ಬೆವೆತು ಬರುತ್ತದೆ. ತಟ್ಟೆ ಹಾಕುವುದು, ಚಟ್ನಿ ಪೊಟ್ಟಣ ಬಿಚ್ಚುವುದು, ಆಮೇಲೆ ಒರೆಸುವುದು ಮತ್ತೆ ದಿನಾ ಅಡುಗೆ ಮಾಡುವವರೇ. ಮನೆಗೆ ತಿಂಡಿ ಬಂತು, ಅವರಿಗೆ ಬಿಡುವು ಬರಲಿಲ್ಲ. ಎದ್ದು ಹೊರಡಬೇಕು, ಸೀರೆ ಬದಲಾಯಿಸಬೇಕು, ಆಟೋದಲ್ಲಿ ಗಾಳಿ ಮುಖಕ್ಕೆ ಬಡಿಯಬೇಕು, ಆಗಲೇ ಅದು ಹೊರಗಡೆ.

ಮಾಂಸದ ಊಟದ ಬಗ್ಗೆ ಹೇಳದಿದ್ದರೆ ನಮ್ಮ ಮಂಡ್ಯದ ಕಡೆಯವರು ನನ್ನನ್ನು ಸುಮ್ನೆ ಬಿಡುವುದಿಲ್ಲ. ಮಂಡಿ ಮೊಹಲ್ಲಾದ ಹನುಮಂತು ಹೋಟೆಲ್ 1930ರಿಂದ ಇದೆ. ಅಲ್ಲಿಯ ಮಟನ್ ಪಲಾವಿಗೆ ಬೆಳಗ್ಗೆಯೇ ಜನ ಹೋಗುತ್ತಾರೆ. ಮಂಡ್ಯ ರಸ್ತೆಯುದ್ದಕ್ಕೂ ಮುದ್ದೆ, ನಾಟಿಕೋಳಿ ಸಾರಿನ ಹೋಟೆಲುಗಳು ಸಾಲಾಗಿವೆ. ಮಿಲಿಟರಿ ಹೋಟೆಲ್ ಅಂದರೆ ಮೊದಲು ಗಂಡಸರ ಜಾಗ. ನಮ್ಮ ಹೆಂಗಸರು ಮನೆಯಲ್ಲಿ ಮಸಾಲೆ ಅರೆದು, ಬಾಡು ಬೇಯಿಸಿ, ಮುದ್ದೆ ಕಟ್ಟಿ, ಎಲ್ಲರ ಎಲೆ ಎತ್ತಿದ ಮೇಲೆ ಉಳಿದ ಸಾರಿನಲ್ಲಿ ಉಂಡವರು. ಮುದ್ದೆ ತಿರುವುವುದು ಎಂಥ ಕೆಲಸ ಅಂತ ಕೋಲು ಹಿಡಿದವರಿಗೇ ಗೊತ್ತು, ತೋಳು ಕಿತ್ತುಬರುತ್ತದೆ. ಈಗ ಭಾನುವಾರ ಆ ರಸ್ತೆಯಲ್ಲಿ ನೋಡಿ, ಅಕ್ಕತಂಗಿಯರು, ಅತ್ತೆ ಸೊಸೆಯರು ಒಂದೇ ಮೇಜಿನಲ್ಲಿ ಕೂತು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುತ್ತಿರುತ್ತಾರೆ. ಕೊನೆಯ ತುತ್ತಿಗೂ ಸಾರು ಬಿಸಿಯಾಗಿರುತ್ತದೆ, ಕೇಳಿದರೆ ಇನ್ನೂ ಹಾಕುತ್ತಾರೆ. ನನಗೆ ಅದನ್ನು ನೋಡುವುದೇ ಒಂದು ಊಟ.

ಮೈಸೂರ್ ಪಾಕ್ ಕತೆಯನ್ನು ನೀವೆಲ್ಲ ಕೇಳಿದ್ದೀರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ಮಾಡಿದ ಸಿಹಿ. ಅವರ ವಂಶದವರ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಅಂಚಿನಲ್ಲಿ, ಈಗಲೂ ಇದೆ, ಗುರು ಸ್ವೀಟ್ಸ್. ನಾನು ಹೇಳಬೇಕು ಅಂದುಕೊಂಡದ್ದು ಅದನ್ನು ಮಾಡುವ ಕಷ್ಟವನ್ನು. ಎಳೆ ಪಾಕ ಬಂದ ಕ್ಷಣಕ್ಕೆ ಕಡಲೆಹಿಟ್ಟು ಬೀಳಬೇಕು, ಕೈ ನಿಲ್ಲಿಸದೆ ತಿರುವುತ್ತಲೇ ಪಕ್ಕದ ಒಲೆಯಲ್ಲಿ ಕಾಯುತ್ತಿರುವ ತುಪ್ಪವನ್ನು ಸೌಟು ಸೌಟಾಗಿ ಬಿಡಬೇಕು, ಬಿಸಿ ತುಪ್ಪ ಬಿದ್ದಾಗಲೆಲ್ಲ ಉಕ್ಕಿ ನೊರೆ ಬರುತ್ತದಲ್ಲ, ಆ ನೊರೆಯೇ ಆಮೇಲೆ ತೂತುತೂತಾಗಿ ಉಳಿಯುತ್ತದೆ. ಒಂದು ನಿಮಿಷ ತಡವಾದರೆ ಕಲ್ಲು, ಒಂದು ನಿಮಿಷ ಮೊದಲಾದರೆ ಹಲ್ವಾ. ಹಬ್ಬದ ದಿನ ಇದನ್ನು ಮನೆಯಲ್ಲೇ ಮಾಡಬೇಕು ಅಂತ ಹಟ ಹಿಡಿಯುವವರು ಒಂದು ಸಲ ತಾವೇ ಸೌಟು ಹಿಡಿಯಲಿ. ಇಲ್ಲವೇ ಕಾಲು ಕೆಜಿ ಕಟ್ಟಿಸಿಕೊಂಡು ಬರಲಿ, ಬರುವಾಗ ಮಾರುಕಟ್ಟೆಯಲ್ಲಿ ಎರಡು ಮೊಳ ಮಲ್ಲಿಗೆಯನ್ನೂ ತರಲಿ.

ಹೊರಗೆ ಹೋಗುವುದು ಅಂದರೆ ತಿನ್ನುವುದು ಒಂದೇ ಅಲ್ಲ. ನಮ್ಮ ಊರಿನ ಪುಣ್ಯ ಏನೆಂದರೆ ಕಾಸಿಲ್ಲದೆ ಕೂರಬಹುದಾದ ಜಾಗ ಇಲ್ಲಿ ಇನ್ನೂ ಉಳಿದಿವೆ. ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದರು. ಕುವೆಂಪು ಅವರು ಈ ಏರಿಯ ಮೇಲೆ ಓಡಾಡಿದವರು. ಅಪ್ಪ ಹೋದ ಮೇಲೆ ಅವ್ವ ಸುಮಾರು ದಿನ ಮನೆ ಬಿಟ್ಟು ಹೊರಡಲಿಲ್ಲ. ಆಮೇಲೆ ಒಂದು ಬೆಳಗ್ಗೆ ಅವಳನ್ನು ಈ ಏರಿಗೆ ಕರೆದುಕೊಂಡು ಬಂದೆ. ಮೊದಲ ದಿನ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ನಡೆದಳು, ಅಷ್ಟೇ. ಹೆಜ್ಜಾರ್ಲೆಗಳನ್ನು ನೋಡಿ, ‘ಇಷ್ಟ್ ದಪ್ಪ ಹಕ್ಕಿ ಹೆಂಗೆ ಹಾರತ್ತೆ’ ಅಂತ ಕೇಳಿದಳು. ಒಂದು ತಿಂಗಳಿಗೆ ಅವಳಿಗೇ ಒಂದು ಗುಂಪು ಆಗಿತ್ತು, ನಾನು ಬೇಕಾಗಿರಲಿಲ್ಲ. ಬೆಳಗ್ಗೆ ಆರಕ್ಕೆ ಹೆಂಗಸರು ಒಬ್ಬೊಬ್ಬರೇ ಹೆದರಿಕೆಯಿಲ್ಲದೆ ನಡೆಯುವ ಜಾಗ ಒಂದು ಊರಿನಲ್ಲಿ ಇದೆ ಅಂದರೆ ಅದು ದೊಡ್ಡ ಆಸ್ತಿ.

ಇನ್ನು ಭಾನುವಾರ ಸಂಜೆಯ ಅರಮನೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಈಗಿರುವುದು ಕಟ್ಟಿ ಮುಗಿದದ್ದು 1912ರಲ್ಲಿ. ದೀಪಗಳು ಒಂದು ಲಕ್ಷದ ಹತ್ತಿರ ಹತ್ತಿರ ಇವೆ. ಲೆಕ್ಕ ಇರಲಿ. ಏಳು ಗಂಟೆಗೆ ಮುಂಚಿನ ಆ ಐದು ನಿಮಿಷ ಇದೆಯಲ್ಲ, ಅದು ನನಗೆ ದೀಪಕ್ಕಿಂತ ಇಷ್ಟ. ಕತ್ತಲು ಕವಿದಿರುತ್ತದೆ, ಮಕ್ಕಳು ಅಪ್ಪಂದಿರ ಹೆಗಲೇರಿರುತ್ತಾರೆ, ಬೇರೆ ರಾಜ್ಯದಿಂದ ಬಂದವರು ಮೊಬೈಲ್ ಎತ್ತಿ ಹಿಡಿದಿರುತ್ತಾರೆ, ಎಲ್ಲರೂ ಒಂದೇ ಕಡೆ ನೋಡುತ್ತಿರುತ್ತಾರೆ. ಆಮೇಲೆ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತದೆ. ಎಷ್ಟು ಸಲ ನೋಡಿದ್ದರೂ ಬಾಯಿಂದ ‘ಆಹಾ’ ಅನ್ನುವ ಸದ್ದು ಬಂದೇ ಬರುತ್ತದೆ.

ನೋಡಿ ಆದ ಮೇಲೆ ಚುರುಮುರಿ. ಬಂಡಿಯವರು ಪಾತ್ರೆಗೆ ಎರಡು ಹಿಡಿ ಕಡ್ಲೆಪುರಿ ಹಾಕಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು, ಖಾರದಪುಡಿ, ಉಪ್ಪು, ಒಂದು ಚಮಚ ಎಣ್ಣೆ, ಅರ್ಧ ಹೋಳು ನಿಂಬೆ ಹಿಂಡಿ, ಟಕಟಕ ಅಂತ ಚಮಚ ಆಡಿಸುತ್ತಾರೆ. ಪೇಪರ್ ಪೊಟ್ಟಣಕ್ಕೆ ಸುರಿದು ಕೈಗೆ ಕೊಟ್ಟ ಮೇಲೆ ಮಾತು ನಿಲ್ಲಿಸಿ ತಿನ್ನಬೇಕು, ತಡ ಮಾಡಿದರೆ ಪುರಿ ಮೆತ್ತಗಾಗುತ್ತದೆ. ತಟ್ಟೆ ಇಲ್ಲ, ಮೇಜಿಲ್ಲ, ತೊಳೆಯುವುದೂ ಇಲ್ಲ. ದಸರಾದಲ್ಲಿ ಇದೇ ಸುಖ ಹತ್ತರಷ್ಟಾಗುತ್ತದೆ. ವಸ್ತುಪ್ರದರ್ಶನದಲ್ಲಿ ಮುಖ ಮುಚ್ಚುವಷ್ಟು ಅಗಲದ ಹಪ್ಪಳ, ಮೆಣಸಿನಕಾಯಿ ಬಜ್ಜಿ, ಆಹಾರ ಮೇಳದಲ್ಲಿ ಆದಿವಾಸಿಗಳು ಬಿದಿರಿನ ಕೊಳವೆಯೊಳಗೆ ತುಂಬಿ ಕೆಂಡದಲ್ಲಿ ಬೇಯಿಸಿಕೊಡುವ ಬಂಬೂ ಬಿರಿಯಾನಿ.

ಈಗ ಎರಡು ದೂರು. ಎರಡೂ ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ಒಂದು, ಕೂರುವ ಜಾಗ. ಹೊಸದಾಗಿ ಬರುತ್ತಿರುವ ಎಷ್ಟೋ ಹೋಟೆಲುಗಳಲ್ಲಿ ಚೀಟಿ ತೆಗೆದುಕೊಂಡು, ಕೌಂಟರಿನಲ್ಲಿ ನಿಂತು, ತಟ್ಟೆ ಹಿಡಿದು, ಎದೆಮಟ್ಟದ ಮೇಜಿನ ಮುಂದೆ ನಿಂತೇ ತಿನ್ನಬೇಕು. ಹುಡುಗರಿಗೆ ಸರಿ. ಮಂಡಿನೋವಿನ 78 ವರ್ಷದವರು ಏನು ಮಾಡಬೇಕು? ಕೂತು ತಿನ್ನುವ ಇನ್ನೊಂದು ಹೋಟೆಲಿನಲ್ಲೂ, ಅವ್ವ ನಿಧಾನಕ್ಕೆ ಕಾಫಿ ಆರಿಸಿಕೊಳ್ಳುತ್ತಿದ್ದಾಗ, ‘ಬೇಗ ಮುಗಿಸಿ, ಜನ ಕಾಯ್ತಾವ್ರೆ’ ಅಂದುಬಿಟ್ಟರು. ಅವ್ವ ಬಿಸಿ ಕಾಫಿಯನ್ನು ಹಾಗೇ ಗಟಗಟ ಕುಡಿದು ಎದ್ದಳು. ನಾಲಿಗೆ ಸುಟ್ಟುಕೊಂಡಳು. ನಾನು ಮತ್ತೆ ಅಲ್ಲಿಗೆ ಹೋಗಿಲ್ಲ.

ಎರಡನೆಯದು ಶೌಚಾಲಯ. ಇದನ್ನು ಸಭೆಯಲ್ಲಿ ಹೇಳುವುದಕ್ಕೆ ಸಂಕೋಚ ಪಡುತ್ತೇವೆ, ಅದಕ್ಕೇ ಇದು ಸರಿಯಾಗುತ್ತಿಲ್ಲ. ಪೇಟೆಗೆ ಹೊರಟ ಹೆಂಗಸರು ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ, ಕಾಫಿ ಬೇಡ ಅನ್ನುತ್ತಾರೆ. ಕಾಫಿ ಇಷ್ಟವಿಲ್ಲ ಅಂತ ಅಲ್ಲ. ಆಮೇಲೆ ಎಲ್ಲಿಗೆ ಹೋಗುವುದು ಅನ್ನುವ ಯೋಚನೆ. ಒಂದು ಹೋಟೆಲ್ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಇದನ್ನೇ ಕೇಳುತ್ತೇನೆ, ದೋಸೆಯ ಮಾತು ಆಮೇಲೆ. ನೀವೂ ಕೇಳಿ. ಗಲ್ಲಾದಲ್ಲಿ ಕೂತವರನ್ನೇ ಕೇಳಿ. ಹತ್ತು ಜನ ಕೇಳಿದರೆ ಬಾಗಿಲಿಗೆ ಚಿಲಕ ಬರುತ್ತದೆ.

ಇನ್ನೊಂದು ಮಾತು ಇದೆ, ಅದನ್ನು ಹೇಳದಿದ್ದರೆ ನನ್ನ ಲೆಕ್ಕ ತಪ್ಪುತ್ತದೆ. ಹೋಟೆಲಿನಲ್ಲೂ ಕಾವಲಿ ಮುಂದೆ ಯಾರೋ ನಿಂತಿರುತ್ತಾರೆ. ಬೆಳಗ್ಗೆ ಆರೂವರೆಯಿಂದ ಬೆಂಕಿ ಮುಂದೆ ನಿಂತ ಆ ಭಟ್ಟರು ಎಷ್ಟು ಹೊತ್ತಿಗೆ ತಿನ್ನುತ್ತಾರೆ? ಒಂದು ದಿನ ಹನ್ನೊಂದೂವರೆಗೆ, ಜನ ಕರಗಿದ ಮೇಲೆ, ನೋಡಿದೆ. ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡು, ತನಗೆ ಅಂತ ಒಂದು ದೋಸೆ ಹುಯ್ದುಕೊಂಡು, ಚಟ್ನಿಯ ಪಾತ್ರೆಯ ಪಕ್ಕ ನಿಂತು ತಿನ್ನುತ್ತಿದ್ದರು. ಅದಾದರೂ ಬಿಸಿ ಇತ್ತು. ಅವತ್ತಿನಿಂದ ಎದ್ದು ಬರುವಾಗ ಒಳಗೆ ಇಣುಕಿ ‘ಚೆನ್ನಾಗಿತ್ತು ಅಣ್ಣ’ ಅಂತ ಹೇಳಿ ಬರುವ ಅಭ್ಯಾಸ ಮಾಡಿಕೊಂಡಿದ್ದೇನೆ. ಮೇಜು ಒರೆಸುವ ಹುಡುಗನಿಗೂ ಹೇಳುತ್ತೇನೆ. ಮನೆಯಲ್ಲೂ ಹೇಳಲು ಕಲಿಯಬೇಕು ಅಂತ ನನ್ನ ಮಗನಿಗೆ ಹೇಳಿದ್ದೇನೆ, ಕಲಿಯುತ್ತಿದ್ದಾನೆ, ಭಾನುವಾರದ ದೋಸೆ ಈಗ ಅವನೇ ಹುಯ್ಯುತ್ತಾನೆ.

ಅವ್ವ ಈಗ ತಮ್ಮನ ಮನೆಯಲ್ಲಿದ್ದಾಳೆ. ತಿಂಗಳ ಮೊದಲ ಶನಿವಾರ ನಾನು ಆಟೋ ತೆಗೆದುಕೊಂಡು ಹೋಗಿ ಕರೆದುಕೊಂಡು ನಜರಬಾದಿಗೆ ಹೋಗುತ್ತೇನೆ. ಹೋದ ಸಲ ಜನ ಜಾಸ್ತಿ ಇದ್ದರು, ಬಾಗಿಲಲ್ಲಿ ಸ್ವಲ್ಪ ಕಾದೆವು. ಕೂತ ಮೇಲೆ ಹೊಸ ಹುಡುಗನೊಬ್ಬ ಬಂದು, ‘ಏನ್ ಕೊಡ್ಲಜ್ಜಿ?’ ಅಂದ. ಅವ್ವ ನನ್ನ ಮುಖ ನೋಡಲಿಲ್ಲ. ‘ಒಂದು ಮಸಾಲೆ ತತ್ತಾ. ಅದಾದ್ಮೇಲೆ ಒಂದು ಖಾಲಿ. ಬೆಣ್ಣೆ ಸರ್ಯಾಗ್ ಹಾಕ್ಸು’ ಅಂದಳು.

ತಿಂದು, ಕೈ ತೊಳೆದು, ಆಟೋ ಹತ್ತಿದೆವು. ಅರಮನೆಯ ಬಾಗಿಲು ದಾಟುವ ತನಕ ಅವ್ವ ಮಾತಾಡಲಿಲ್ಲ. ಆಮೇಲೆ ನನ್ನ ಕೈ ತಟ್ಟಿ ಅಂದಳು:

‘ಮುಂದಿನ್ ಸಲ ನಿಮ್ಮತ್ತೇನೂ ಕರ್ಕೊಂಡ್ ಬಾ. ಅವ್ರೂ ಬಿಸೀದು ತಿನ್ಲಿ.’